ನಾಳೆ ಬರುವವರ ಪಟ್ಟಿ

ನನ್ನ ದೊಡ್ಡಮ್ಮನಿಗೆ ಕೂತಲ್ಲೇ ನಿದ್ದೆ ಬರುತ್ತದೆ, ಆದರೆ ಕೈ ಮಾತ್ರ ನಿಲ್ಲುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಪ್ಯಾಂಟಿನ ಅಂಚು ಮಡಿಸಿ ಸೂಜಿ ಓಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಇದು ಹೇಗೆ ಸಾಧ್ಯ ಎಂದು ಬೆರಗಾಗಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಬಿಟ್ಟು ಹತ್ತು ವರ್ಷವಾಯಿತು. ಈಗ ಬರೀ ಆಲ್ಟರೇಷನ್ನು, ಜಿಪ್ಪು, ಗುಂಡಿ.

ಅಂಗಡಿಯ ಹಿಂದೊಂದು ಕೋಣೆ. ಸಂಜೆ ಐದರಿಂದ ಏಳರವರೆಗೆ ಅಲ್ಲಿ ಹನ್ನೊಂದು ಮಕ್ಕಳು ಲೆಕ್ಕ ಮಾಡುತ್ತಾರೆ. ಎಲ್ಲರೂ ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರ ಮಕ್ಕಳು. ಎರಡು ವರ್ಷದ ಹಿಂದೆ ಯಾರೋ ದಾನ ಕೊಟ್ಟ ಯೂನಿಫಾರ್ಮುಗಳನ್ನು ಇವರ ಅಳತೆಗೆ ಸರಿಮಾಡಿಕೊಡಿ ಎಂದು ಶಾಲೆಯವರು ದೊಡ್ಡಮ್ಮನಿಗೆ ಒಪ್ಪಿಸಿದ್ದರು. ಸರದಿ ಕಾಯುತ್ತ ಕೂತ ಒಬ್ಬ ಹುಡುಗ ಭಾಗಾಕಾರವನ್ನು ತಲೆಕೆಳಗೆ ಮಾಡುತ್ತಿದ್ದ. ಅವಳು ಕೊರಳಲ್ಲಿ ಟೇಪು ಹಾಕಿಕೊಂಡೇ ಬಗ್ಗಿ ತಿದ್ದಿದಳು. ಮಾರನೇ ದಿನ ಅವನು ಇನ್ನೂ ಮೂವರನ್ನು ಎಳೆದುಕೊಂಡು ಬಂದ. ಎಲ್ಲದಕ್ಕೂ ವಾದ ಹೂಡುವ ಅವನಿಗೆ ದೊಡ್ಡಮ್ಮ ಇಟ್ಟ ಹೆಸರು ವಕೀಲರು. ಕಾಲೇಜು ಮುಗಿಸಿ ಇಂಗ್ಲಿಷ್ ಹೇಳಿಕೊಡಲು ಹೋಗುವ ನಾನು ಅವಳ ಬಾಯಲ್ಲಿ ಪ್ರೊಫೆಸರ್ರು.

ಆ ಕೋಣೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಗುಂಡಿಗಳು. ಮೊದಲು ಸಂಸ್ಥೆಯೊಂದರಿಂದ ಬಂದ ಮೇಡಮ್ಮು ನಗುವ ಮುಖ, ಅಳುವ ಮುಖ ಇರುವ ಚಾರ್ಟು ಅಂಟಿಸಿ, ಇವತ್ತು ಹೇಗಿದ್ದೀರಿ ತೋರಿಸಿ ಎಂದಿದ್ದರು. ಹನ್ನೊಂದು ಮಕ್ಕಳೂ ನಗುವ ಮುಖಕ್ಕೇ ಬೆರಳಿಟ್ಟರು. ಮೇಡಮ್ಮು ಬರೆದುಕೊಂಡು ಹೋದರು. ಅವರು ಹೋದ ಮೇಲೆ ದೊಡ್ಡಮ್ಮ ಹಳೇ ಗುಂಡಿಗಳ ತಟ್ಟೆ ತಂದಿಟ್ಟಳು. ಬಿಳಿ ಎಂದರೆ ಪರವಾಗಿಲ್ಲ, ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ಅಳು ಬರುತ್ತಿದೆ, ಕಪ್ಪು ಎಂದರೆ ನನ್ನನ್ನು ಏನೂ ಕೇಳಬೇಡಿ. ಒಳಗೆ ಬರುವಾಗ ಒಂದೊಂದನ್ನು ಎತ್ತಿ ಡಬ್ಬಿಗೆ ಹಾಕಬೇಕು. ಕಪ್ಪು ಹಾಕಿದವರನ್ನು ಯಾರೂ ಕೇಳಕೂಡದು, ದೊಡ್ಡಮ್ಮನೂ ಕೇಳಕೂಡದು. ಅವಳಿಗೂ ಒಂದು ಬಣ್ಣವಿತ್ತು: ಕಂದು. ಸಾಕಾಗಿದೆ ಅಂತ ಅರ್ಥ. ನಾನು ನೋಡಿದ ಅಷ್ಟೂ ದಿನ ಅವಳು ಹಾಕಿದ್ದು ಕಂದೇ.

"ಈ ತಿಂಗಳು ಮುಗಿದ ಮೇಲೆ ನಿಲ್ಲಿಸ್ತೀನಿ ಕಣೇ," ಎಂದಳು ಒಂದು ದಿನ, ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಡುತ್ತ. "ಕಣ್ಣು ಕೈಕೊಡ್ತಿದೆ, ಮಂಡಿ ಯಾವತ್ತೋ ಕೈಕೊಟ್ಟಾಯ್ತು. ಮಕ್ಕಳಿಗೆ ನಾನೇ ಹೇಳ್ತೀನಿ, ನೀನು ಬಾಯಿಬಿಡಬೇಡ."

ಅವಳಿಗೆ ಉಳಿದಿದ್ದ ಒಂದೇ ಚಿಂತೆ ಬಾಗಿಲಮ್ಮನದು. ಹನ್ನೆರಡರ ಹುಡುಗಿ, ಯಾವಾಗಲೂ ಬಾಗಿಲಿಗೆ ಅಂಟಿಕೊಂಡೇ ಕೂರುವುದರಿಂದ ಆ ಹೆಸರು. ಮಾತು ಕಡಿಮೆ. ಶಾಲೆಯ ಎರಡು ಪರೀಕ್ಷೆಯಲ್ಲೂ ಸೊನ್ನೆ. ಮೂರನೆಯದರಲ್ಲೂ ಹಾಗೇ ಆದರೆ ಆರನೇ ಕ್ಲಾಸಿನಿಂದ ತೆಗೆದು ಮೂರನೇ ಕ್ಲಾಸಿಗೆ, ಎದೆಯೆತ್ತರವೂ ಇಲ್ಲದ ಮಕ್ಕಳ ನಡುವೆ ಕೂರಿಸುತ್ತಾರೆ. ಎರಡು ವಾರ ದೊಡ್ಡಮ್ಮ ಅವಳಿಗೆ ಭಿನ್ನರಾಶಿ ಅರೆದು ಕುಡಿಸಿದಳು. ಇಲ್ಲಿ ಎಲ್ಲವೂ ಸರಿ ಬರುತ್ತಿತ್ತು. "ಇಲ್ಲಿ ಮಾಡ್ತೀಯ, ಅಲ್ಲಿ ಏನಾಗುತ್ತೆ ತಾಯಿ ನಿನಗೆ?" ಎಂದು ಗದರಿಯೂ ಗದರಿದಳು. ಹುಡುಗಿ ಮುಂದಿನ ಲೆಕ್ಕಕ್ಕೆ ಕೈಹಾಕಿದಳು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಸೋಮವಾರ, ಅವಳ ಕ್ಲಾಸ್ ಟೀಚರು ಜಿಪ್ಪು ಹಾಳಾದ ಸ್ಕರ್ಟು ಹಿಡಿದು ಅಂಗಡಿಗೆ ಬಂದರು. ಚೀಲದಿಂದ ಎರಡು ಉತ್ತರ ಪತ್ರಿಕೆಗಳನ್ನೂ ತೆಗೆದರು.

"ಎರಡರ ಮೇಲೂ ಹೆಸರಿಲ್ಲ, ನಿಮ್ಮ ಮಕ್ಕಳಲ್ಲಿ ಯಾರದ್ದಾದರೂ ಇರಬಹುದಾ ನೋಡಿ. ತಿದ್ದೋದು ನಾವಲ್ಲ, ಬೇರೆ ಆಫೀಸು. ಹೆಸರಿಲ್ಲ ಅಂದ್ರೆ ಅವರು ನೋಡೋದೇ ಇಲ್ಲ, ಸೊನ್ನೆ ಹಾಕಿ ವಾಪಸ್ ಕಳಿಸ್ತಾರೆ. ನಾನೇ ತಿದ್ದಿ ನೋಡಿದೆ, ಒಂದು ಲೆಕ್ಕವೂ ತಪ್ಪಿಲ್ಲ."

ದೊಡ್ಡಮ್ಮ ಕನ್ನಡಕ ಏರಿಸಿದಳು. ಏಳರ ಅಂಕಿಯ ಹೊಟ್ಟೆಗೆಲ್ಲ ಅಡ್ಡಗೀಟು. ಹಾಗೆ ಬರೆಯುವುದು ಬಾಗಿಲಮ್ಮ ಒಬ್ಬಳೇ. ಅವಳ ನೋಟ್‌ಬುಕ್ಕುಗಳ ಮೇಲೂ ಹೆಸರಿರಲಿಲ್ಲ. ಸೋಮಾರಿತನ ಎಂದುಕೊಂಡು ನಾವಿಬ್ಬರೂ ಸುಮ್ಮನಿದ್ದೆವು. "ಎರಡು ವಾರ ಸುಮ್ಮನೆ ಆ ಮಗೂನ ಬೈದೆನಲ್ಲೇ," ಎಂದು ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದಳು.

ಅವತ್ತು ಕೇಳೋಣವೆಂದರೆ ಬಾಗಿಲಮ್ಮ ಹಾಕಿದ್ದು ಕಪ್ಪು ಗುಂಡಿ. ಟೀಚರು ಅಂಗಡಿಯಿಂದ ಹೊರಗೆ ಹೋಗುವುದನ್ನು ನೋಡಿಬಿಟ್ಟಿದ್ದಳೇನೋ. ದೊಡ್ಡಮ್ಮ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ತನ್ನದೇ ನಿಯಮಕ್ಕೆ ಸಿಕ್ಕಿಬಿದ್ದವಳಂತೆ ಕೂತಿದ್ದಾಗ ವಕೀಲರು ಎದ್ದು ನಿಂತರು.

"ಕಪ್ಪು ಹಾಕಿರೋದು ಅವಳು. ನನ್ನದು ಬಿಳಿ. ನನ್ನನ್ನ ಕೇಳಬಹುದು."

"ಅವಳು ಬೇಡ ಅಂದ್ರೆ?"

ವಕೀಲರು ಬಾಗಿಲ ಕಡೆ ನೋಡಿದರು. ಅವಳು ಭುಜ ಕುಣಿಸಿದಳು, ಬೇಡ ಅನ್ನಲಿಲ್ಲ.

"ಕ್ಯಾಂಪಲ್ಲಿ ದಿನಾ ಬೆಳಿಗ್ಗೆ ಪಟ್ಟಿ ತರ್ತಿದ್ರು ಅಜ್ಜಿ. ಹೆಸರು ಬರೆದವರನ್ನ ಬಸ್ ಹತ್ತಿಸಿ ಕರ್ಕೊಂಡು ಹೋಗ್ತಿದ್ರು. ಇವಳ ಅಕ್ಕ ಬರೆದಳು. ಆಮೇಲೆ ಇವಳ ಸರದಿ. ಅಷ್ಟರಲ್ಲಿ ಹಾಳೆ ತುಂಬಿಹೋಯ್ತು. ಅಕ್ಕನ್ನ ಮಾತ್ರ ಬಸ್ ಹತ್ತಿಸಿದ್ರು, ಅವಳು ಎಲ್ಲಿದ್ದಾಳೋ ಇನ್ನೂ ಗೊತ್ತಿಲ್ಲ. ಇಲ್ಲಿ ಶಾಲೆಗೆ ಸೇರಿಸುವಾಗಲೂ ಹೆಸರು ಬರೆದಿದ್ದು ಇವಳ ಚಿಕ್ಕಪ್ಪ, ಇವಳಲ್ಲ."

ದೊಡ್ಡಮ್ಮ ಏನಾದರೂ ಸಮಾಧಾನ ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಮಂಡಿ ಹಿಡಿದುಕೊಂಡು ಎದ್ದು, ಬಟ್ಟೆ ಕತ್ತರಿಸುವ ಮೊದಲು ಅಳತೆ ಗುರುತಿಸುವ ಕಂದು ಕಾಗದದ ದೊಡ್ಡ ರೋಲು ತಂದಳು. ನಾನು ಒಂದು ತುದಿ ಹಿಡಿದೆ, ಅವಳು ಗೋಡೆಗೆ ಪಿನ್ನು ಚುಚ್ಚಿದಳು. ಉಳಿದ ರೋಲು ನೆಲದ ಮೇಲೆ ಹಾಗೇ ಬಿದ್ದಿತ್ತು. ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣದಲ್ಲಿ ಮೇಲೆ ಬರೆದಳು: ನಾಳೆ ಇಲ್ಲಿಗೆ ಬರುವವರು. ಕೆಳಗೆ ತನ್ನ ಹೆಸರು.

"ಬರೆದವರು ಬರಲೇಬೇಕು. ಬಂದವರ ಹೆಸರಿನ ಮುಂದೆ ರೈಟು," ಎಂದಳು. "ಹಾಳೆ ತುಂಬಿದರೆ ಇನ್ನಷ್ಟು ಬಿಚ್ಚೋಣ. ಇಷ್ಟವಿದ್ದವರು ದಿನಾ ಮನೆಗೆ ಹೋಗೋ ಮುಂಚೆ ಬರೀರಿ."

ಹತ್ತು ಮಕ್ಕಳು ಬರೆದರು, ನಾನೂ ಬರೆದೆ. ಬಾಗಿಲಮ್ಮ ಬರೆಯಲಿಲ್ಲ. ಮಂಗಳವಾರ ಬಂದವಳೇ ಡಬ್ಬಿಯ ಹತ್ತಿರವೂ ಹೋಗದೆ ಗೋಡೆಯ ಮುಂದೆ ನಿಂತು, ಒಂದೊಂದು ಹೆಸರಿಗೂ ಕೋಣೆಯಲ್ಲಿ ಮುಖ ಹುಡುಕಿದಳು. ಎಲ್ಲರೂ ಇದ್ದರು.

ಬುಧವಾರ ದೊಡ್ಡಮ್ಮನ ಮಂಡಿ ಊದಿ ಕಂಬವಾಗಿತ್ತು. ನಾನು ನೋಡಿಕೊಳ್ಳುತ್ತೇನೆ, ನೀನು ಮಲಗು ಎಂದು ನಾನು ಬೇಡಿಕೊಂಡೆ.

"ಹೆಸರು ಬರೆದು ಕೂತಿದ್ದೀನಲ್ಲೇ. ನಾನೇ ತೋಡಿಕೊಂಡ ಗುಂಡಿ. ಹಿಡ್ಕೋ ಕೈ."

ಮನೆಯಿಂದ ಅಂಗಡಿಗೆ ಎರಡು ಬೀದಿ ದಾಟಲು ನಮಗೆ ಅರ್ಧ ಗಂಟೆ ಹಿಡಿಯಿತು. ಐದು ದಾಟಿ ಹತ್ತು ನಿಮಿಷವಾಗಿತ್ತು. ಪಕ್ಕದ ಬೀಗ ರಿಪೇರಿಯವನು ಮಕ್ಕಳಿಗೆ ಬಾಗಿಲು ತೆಗೆದುಕೊಟ್ಟಿದ್ದ. ಬಾಗಿಲಮ್ಮ ಬೀದಿಯಲ್ಲೇ ನಿಂತಿದ್ದಳು, ಸೀಮೆಸುಣ್ಣ ಕೈಯಲ್ಲಿ. ಒಳಗೆ ಹೋಗಿ ದೊಡ್ಡಮ್ಮನ ಹೆಸರಿನ ಮುಂದೆ ತಾನೇ ರೈಟು ಹಾಕಿದಳು.

ಗುರುವಾರ ಏಳು ಗಂಟೆಗೆ ಎಲ್ಲರೂ ಚೀಲ ಹೆಗಲಿಗೇರಿಸುವಾಗ ಅವಳು ಗೋಡೆಯ ಹತ್ತಿರ ಹೋದಳು. ದೊಡ್ಡಮ್ಮನ ಹೆಸರಿನ ಕೆಳಗೆ ಬರೆದಳು, ನಿಧಾನವಾಗಿ, ಒತ್ತಿ ಒತ್ತಿ. ಅವಳ ಹೆಸರು ಅಷ್ಟುದ್ದ ಅಂತ ನಮಗೆ ಗೊತ್ತೇ ಇರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ದೊಡ್ಡಮ್ಮ ತಲೆಯೆತ್ತದೆ, "ನಾಳೆ ಪೆನ್ಸಿಲ್ ಎರಡು ತಗೊಂಡು ಹೋಗು," ಎಂದಳಷ್ಟೇ.

ಶುಕ್ರವಾರ ಸಂಜೆ ಸ್ಕರ್ಟು ತೆಗೆದುಕೊಂಡು ಹೋಗಲು ಬಂದ ಟೀಚರು ಬಾಗಿಲಲ್ಲೇ ಹೇಳಿದರು, "ಬರೆದಿದ್ದಾಳೆ. ಮೊದಲನೇ ಪುಟದಲ್ಲಷ್ಟೇ ಅಲ್ಲ, ಪ್ರತಿ ಪುಟದಲ್ಲೂ."

ತಿಂಗಳ ಕೊನೆಯ ದಿನವೂ ಬಂತು. ಏಳು ಗಂಟೆಗೆ ದೊಡ್ಡಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ವಿಷಯ ಹೇಳಲು ಎದ್ದಳೆಂದು ನನಗೊಬ್ಬಳಿಗೇ ಗೊತ್ತು. ಆಗಲೇ ಬಾಗಿಲಮ್ಮ ಅವಳ ಮುಂದೆ ಸೀಮೆಸುಣ್ಣ ಹಿಡಿದಳು.

"ಅಜ್ಜಿ, ನಿಮ್ಮದು ಬರೆದಿಲ್ಲ."

ದೊಡ್ಡಮ್ಮ ಸೀಮೆಸುಣ್ಣವನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಬರೆದಳು. ಮಕ್ಕಳು ಹೋದ ಮೇಲೆ ಡಬ್ಬಿ ಬೋರಲು ಹಾಕಿ, ಗುಂಡಿಗಳ ನಡುವಿನಿಂದ ತನ್ನ ಕಂದನ್ನು ಆರಿಸಿ ತೆಗೆದು, ನಾಳೆಗೆ ಸಿಗುವಂತೆ ಪಕ್ಕಕ್ಕಿಟ್ಟಳು.

"ಹಾಳೆ ಮುಗಿದ ದಿನ ಬಿಡೋಣ ಅಂದ್ರೆ, ಆ ರೋಲು ಇನ್ನೂ ಅರ್ಧಕ್ಕರ್ಧ ಇದೆ ನೋಡು," ಎಂದು ನನ್ನ ತೋಳು ಹಿಡಿದು ಎದ್ದಳು.