ಎಡಗಡೆ ಸವೆದ ಮೇಜು

ಬಟ್ಟೆ ವ್ಯಾಪಾರಿಯ ಮಗಳನ್ನು ಮನೆಯವರೆಲ್ಲ ಕರೆಯುತ್ತಿದ್ದದ್ದು ಎಡಚಿ ಎಂದೇ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಅವಳಿಗೆ ಹತ್ತೊಂಬತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮುತ್ತಜ್ಜ ಮಾಡಿಸಿದ ಕರಿಮರದ ಮೇಜು. ಮೈತುಂಬ ಮುತ್ತಿನ ಚಿಪ್ಪಿನ ಬಳ್ಳಿ ಕೂರಿಸಿದ್ದು. ಅಪ್ಪ ಅವಳನ್ನು ಅದರ ಮುಂದೆ ಕೂರಿಸಿ, "ನಾನು ಹೇಳ್ತೀನಿ, ನೀನು ಬರಿ" ಎಂದ.

ನೇಕಾರರಿಗೆ, ಬಣ್ಣದವರಿಗೆ, ಗಿರಾಕಿಗಳಿಗೆ ಕಾಗದ ಹೋದದ್ದೆಲ್ಲ ಅಲ್ಲಿಂದಲೇ. ಮೊದಮೊದಲು ಅಪ್ಪ ಹೇಳುತ್ತಿದ್ದ. ಬರಬರುತ್ತಾ ಅವಳೇ ಬರೆದು ಓದಿದರೆ, "ಹೌದಲ್ಲ, ಇದನ್ನೇ ಹೇಳ್ಬೇಕು ಅಂತಿದ್ದೆ" ಎನ್ನುತ್ತಿದ್ದ. ಹೀಗೆ ಇಪ್ಪತ್ತಾರು ವರ್ಷ.

ಅಪ್ಪ ತೀರಿಕೊಂಡು ವರ್ಷ ತುಂಬುವಷ್ಟರಲ್ಲಿ ಮೇಜಿಗಾಗಿ ಅವಳ ಅಣ್ಣನಿಗೂ ತಮ್ಮನಿಗೂ ಜಟಾಪಟಿ ಹತ್ತಿತು. ಅದು ಅಪ್ಪ ಕೂತ ಜಾಗ, ಹಿರಿಮಗನಿಗೇ ಸೇರಬೇಕು ಎಂದು ಅಣ್ಣ. ಅಂಗಡಿ ನಿನಗಾದರೆ ಮೇಜು ನನಗೆ ಎಂದು ತಮ್ಮ. ಕಿತ್ತುಬಂದ ಚಿಪ್ಪುಗಳನ್ನು ಸರಿಮಾಡಿಸಬೇಕು ಎಂಬುದೊಂದರಲ್ಲಿ ಮಾತ್ರ ಇಬ್ಬರೂ ಒಂದಾದರು.

ಬಡಗಿ ಬಂದು, ಮೇಜನ್ನು ಅಂಗೈಯಿಂದ ಸವರಿ, "ಇದ್ರ ಮೇಲೆ ಬರೀತಿದ್ದೋರು ಎಡಗೈಯೋರು, ಅಲ್ವಾ?" ಎಂದ.

"ಅಪ್ಪಂದು ಬಲಗೈ" ಎಂದ ಅಣ್ಣ.

"ಅದು ನಂಗೊತ್ತಿಲ್ಲ ಸ್ವಾಮಿ. ಎಡಗಡೆ ನೋಡಿ, ಕೈ ಊರಿ ಊರಿ ಬಳ್ಳಿಯ ಎಲೆಗಳೆಲ್ಲ ಸವೆದಿವೆ. ಮಸಿ ಕಲೇನೂ ಈ ಕಡೇನೇ."

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಅಣ್ಣ ಕಿಟಕಿಯತ್ತ ತಿರುಗಿ, ಬಾಗಿಲಲ್ಲಿ ನಿಂತಿದ್ದ ತಂಗಿಗೆ, "ಹಾಗಾದ್ರೆ ನೀನೇ ತಗೊಂಡ್ಹೋಗೇ" ಎಂದ.

"ಮೇಜು ಯಾರಾದ್ರೂ ಇಟ್ಕೊಳ್ಳಿ. ನಂಗೆ ಅಂಗಡೀಲಿ ಪಾಲು ಬೇಕು" ಎಂದಳು ಅವಳು.

"ಏನಂದೆ?"

"ಇಲ್ಲಾಂದ್ರೆ ನಾಳೆಯಿಂದ ಕಾಗದ ನೀವೇ ಬರ್ಕೊಳ್ಳಿ."

ಹದಿನೈದು ದಿನ ಅಣ್ಣನೇ ಬರೆದ. ದೂರದ ನೇಕಾರನೊಬ್ಬನಿಂದ ಉತ್ತರ ಬಂತು: 'ನಿಮ್ಮ ತಂದೆ ಹೋದ ಮೇಲೂ ಕಾಗದ ಅದೇ ಅಕ್ಷರದಲ್ಲಿ ಬರುತ್ತಿತ್ತು, ಈಗ ಬದಲಾಗಿದೆ. ಬರೆಯುತ್ತಿದ್ದವರು ಕ್ಷೇಮವೇ? ನನ್ನ ಹೆಂಡತಿಯ ಮಂಡಿನೋವು ವಿಚಾರಿಸುವುದನ್ನು ಅವರು ಒಮ್ಮೆಯೂ ಮರೆತವರಲ್ಲ.' ಅದನ್ನು ಹಿಡಿದುಕೊಂಡು ಅಣ್ಣ ತಂಗಿಯ ಕೋಣೆಗೆ ಬಂದ. ಆ ತಿಂಗಳೇ ಪಾಲುಪತ್ರವಾಯಿತು, ಮೂವರಿಗೂ ಸಮ.

ಮೇಜನ್ನು ಮನೆಗೆ ಒಯ್ದ ತಮ್ಮ ಅದರ ಮೇಲೆ ಹೂದಾನಿ ಇಟ್ಟಿದ್ದಾನೆ. ಅವಳು ಅಂಗಡಿಯ ಮುಂಭಾಗದಲ್ಲಿ ಸಾದಾ ಮೇಜೊಂದನ್ನು ಹಾಕಿಸಿಕೊಂಡು, ಗಿರಾಕಿಗಳ ಎದುರಿಗೇ ಕೂತು ಬರೆಯುತ್ತಾಳೆ.