ಪೊರ್ಬುಗಳ ಮಾನಿಟರಿನ ಬಗ್ಗಿದ ಗೆರೆ

ಎರಡು ವರ್ಷದ ಹಿಂದೆ, ನವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದ ದಿನಗಳಲ್ಲಿ ಈ ಕೆಲಸ ನನಗೆ ಬಂತು. ಆಗ ನನ್ನದು ಅಂತ ಹೇಳಿಕೊಳ್ಳುವ ಹುದ್ದೆ ಯಾವುದೂ ಇರಲಿಲ್ಲ. ಕೊಡಿಯಾಲ್‌ಬೈಲಿನಲ್ಲಿ ಮೂವತ್ತೊಂದು ವರ್ಷ ನಡೆಸಿದ ಟಿ.ವಿ. ರಿಪೇರಿ ಅಂಗಡಿಯ ಶಟರ್ ಎಳೆದು, ಉಳ್ಳಾಲದ ಮನೆಯಲ್ಲಿ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಕುಳಿತಿದ್ದೆ. ನಾನು ಕಲಿತ ವಿದ್ಯೆ ಗಾಜಿನ ಪಿಕ್ಚರ್ ಟ್ಯೂಬಿನದು. ಅಂಥ ಟಿ.ವಿ. ಈಗ ಯಾರ ಮನೆಯಲ್ಲೂ ಇಲ್ಲ. ಬರುವುದು ಮಿಕ್ಸಿ, ಎಮರ್ಜೆನ್ಸಿ ಲೈಟು, ತಪ್ಪಿದರೆ ಇಸ್ತ್ರಿಪೆಟ್ಟಿಗೆ. ಅರ್ಧ ಗಂಟೆ ಬಗ್ಗಿ ಕುಳಿತರೆ ಸೊಂಟ ಹಿಡಿಯುತ್ತಿತ್ತು. ಕೆಲಸ ಬಾರದಿದ್ದರೇ ಸಮಾಧಾನ ಅನ್ನುವಷ್ಟು ದಣಿದಿದ್ದೆ.

ಫೋನಿನಲ್ಲಿ ಬಂದದ್ದು ಹಳೆಯ ಸ್ವರ.

"ಶೇಖರ, ನಾನು ಗ್ರೆಗರಿ. ನನ್ನ ಮಿಷನ್ನಿನ ಪಿಕ್ಚರ್ ಹಾವಿನ ಹಾಗೆ ಹರೀತಾ ಉಂಟು ಮಾರಾಯ. ನೀನು ಇದ್ದೀಯಾ, ಇಲ್ವಾ ಅಂತ ಮೊದಲು ಕೇಳಿಕೊಂಡೇ ಫೋನ್ ಮಾಡಿದ್ದು."

"ಇದ್ದೇನೆ ಪೊರ್ಬುಗಳೇ, ಸ್ವಲ್ಪ ಸ್ವಲ್ಪ," ಎಂದೆ.

ಕ್ರಿಶ್ಚಿಯನ್ ಹಿರಿಯರನ್ನು ನಾವು ತುಳುವರು ಪೊರ್ಬುಗಳು ಎಂದೇ ಕರೆಯುವುದು. ಗ್ರೆಗರಿ ಪೊರ್ಬುಗಳಿಗೆ ಆಗ ಎಪ್ಪತ್ತನಾಲ್ಕು. ಮಸ್ಕತ್‌ನಲ್ಲಿ ಹನ್ನೆರಡು ವರ್ಷ ದುಡಿದು ಬಂದು, ಒಂದು ಟಾಕೀಸಿನ ಬದಿಯಲ್ಲಿ ವಿಡಿಯೋ ಗೇಮ್ ಪಾರ್ಲರ್ ತೆರೆದಿದ್ದರು. ಆಳೆತ್ತರದ ಮರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಒಂದು ಕೋಲು, ನಾಲ್ಕು ಬಟನ್, ಎದುರಿಗೆ ಇಪ್ಪತ್ತು ಇಂಚಿನ ಟ್ಯೂಬ್ ಮಾನಿಟರ್. ಅಂಥ ಎಂಟು ಮಿಷನ್ ಇತ್ತು, ಎಂಟಕ್ಕೂ ನಾನೇ ಮೆಕ್ಯಾನಿಕ್. ಪಾರ್ಲರ್ ಮುಚ್ಚಿದಾಗ ಏಳು ಗುಜರಿಗೆ ಹೋದವು. ಎಂಟನೆಯದು ಬಿಕರ್ನಕಟ್ಟೆಯ ಅವರ ಮನೆಯ ಹಾಲಿಗೆ ಬಂತು. ವಿಮಾನ ಹೊಡೆದುರುಳಿಸುವ ಆಟ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅದರ ಮುಂದೆ ಸ್ಟೂಲ್ ಹಾಕಿ ಕೂರುವುದು ಅವರ ದಿನಚರಿ.

ನಾನು ಹೋದದ್ದು ಗುರುವಾರ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಬಂದವರ ನಡುವೆ ಚೀಲ ಹೊತ್ತುಕೊಂಡು ದಾರಿ ಮಾಡಿ ಮನೆ ಮುಟ್ಟುವಾಗ ಬೆನ್ನೆಲ್ಲ ಬೆವರು. ಮಿಷನ್ ಹಾಕಿ ನೋಡಿದೆ. ಪೊರ್ಬುಗಳು ಸುಳ್ಳು ಹೇಳಿರಲಿಲ್ಲ. ಚಿತ್ರದ ಎರಡೂ ಬದಿ ಅಲೆ ಅಲೆಯಾಗಿ ಹರಿಯುತ್ತಿತ್ತು.

ಹಿಂದಿನ ಹಲಗೆ ಬಿಚ್ಚಿ, ಮೊದಲು ಟ್ಯೂಬಿನಲ್ಲಿ ಉಳಿದಿರುವ ಹೈ ವೋಲ್ಟೇಜನ್ನು ಅರ್ಥ್ ಮಾಡಿದೆ. ಸ್ವಿಚ್ ಆಫ್ ಮಾಡಿದ ಮೇಲೂ ಅದು ಮನುಷ್ಯನನ್ನು ಎತ್ತಿ ಎಸೆಯಬಲ್ಲದು. ಆಮೇಲೆ ಮತ್ತೆ ಸ್ವಿಚ್ ಹಾಕಿ, ಮಾನಿಟರನ್ನು ನಡೆಸುವ ಮುಖ್ಯ ಸಪ್ಲೈ ಅಳೆದೆ. ನೂರ ಇಪ್ಪತ್ತೆಂಟು ವೋಲ್ಟ್ ಬರಬೇಕಾದಲ್ಲಿ ನೂರ ಹದಿನೈದು, ಅದೂ ನಿಲ್ಲದೆ ಕುಣಿಯುತ್ತಿತ್ತು. ಕರೆಂಟಿನ ಏರಿಳಿತವನ್ನು ನುಂಗಿ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿತ್ತು. ಹಳೆ ಮಾನಿಟರಿಗೆ ಇದು ವಯಸ್ಸಾದವರ ಮಂಡಿನೋವಿನ ಹಾಗೆ, ಬಂದೇ ಬರುತ್ತದೆ. ಬದಲಿಸಲು ಮುಕ್ಕಾಲು ಗಂಟೆ. ಬದಿಗಳು ನೆಟ್ಟಗಾದವು.

ಪೊರ್ಬುಗಳು ಸ್ಟೂಲ್ ಎಳೆದು ಕುಳಿತು ನೋಡಿದರು. "ಬದಿ ಸರಿಯಾಯ್ತು. ನಡು ಬಗ್ಗಿದೆ."

"ಎಂತ ಬಗ್ಗಿದೆ? ನನಗೆ ಕಾಣುವುದಿಲ್ಲ."

"ನಡುವಿಗೆ ಬಂದ ವಿಮಾನ ಸೊಟ್ಟ ಆಗ್ತದೆ. ಒಮ್ಮೊಮ್ಮೆ ಇಲ್ಲದೇ ಹೋಗ್ತದೆ. ಹೊಡೆಯುವುದು ಯಾರನ್ನು?"

ಅವರ ಹೆಂಡತಿ ಸಿಸಿಲಿಯಾ ಬಾಯಿ, ನಿವೃತ್ತ ಟೀಚರು, ಚಹಾ ತಂದಿಡುತ್ತಾ ಹೇಳಿದರು: "ಅವರ ಮಾತು ಕೇಳಬೇಡಿ ಶೇಖರಣ್ಣ. ಹೋದ ವಾರ ಬಾತ್‌ರೂಮಿನ ಟೈಲ್ಸ್ ಓರೆ ಅಂತ ಮೇಸ್ತ್ರಿಗೆ ಬೈದು ಕಳಿಸಿದ್ರು. ಮೇಸ್ತ್ರಿ ನೂಲು ಹಿಡಿದು ತೋರಿಸಿದ. ನೂಲೇ ಓರೆ ಅಂದ್ರು. ಈಗ ಇವರಿಗೆ ಊರೇ ಓರೆ."

ಮೂವರೂ ನಕ್ಕೆವು. ಆ ನಗು ಈಗಲೂ ನನಗೆ ಕೇಳುತ್ತದೆ. ಬೇಕಾದ ಉತ್ತರ ಚಹಾದ ಜೊತೆಗೇ ನನ್ನ ಮುಂದೆ ಬಂದಿತ್ತು. ನಾನು ಚಹಾ ಮಾತ್ರ ಕುಡಿದೆ. "ಹೊಸ ಕೆಪಾಸಿಟರ್, ನಾಲ್ಕು ದಿನ ಓಡಲಿ, ಸರಿಯಾಗ್ತದೆ" ಎಂದು ಹೇಳಿ ಬಂದೆ. ಕೆಪಾಸಿಟರಿಗೆ ನಾಲ್ಕು ದಿನ ಬೇಡ. ಹಾಗೆ ಹೇಳಿದರೆ ಮನೆಗೆ ಹೋಗಬಹುದು, ಅಷ್ಟೆ.

ಒಂಬತ್ತು ದಿನದ ಮೇಲೆ ಮತ್ತೆ ಫೋನ್. ಮತ್ತೆ ಹೋದೆ. ಈ ಮಿಷನ್‌ಗಳ ಒಳಗೆ ಒಂದು ಸರ್ವಿಸ್ ಸ್ವಿಚ್ ಇರುತ್ತದೆ. ಒತ್ತಿದರೆ ಆಟ ನಿಂತು, ಪರದೆಯ ತುಂಬ ಚೌಕುಳಿ ಗೆರೆಗಳು ಮೂಡುತ್ತವೆ, ಲೆಕ್ಕದ ಪುಸ್ತಕದ ಹಾಳೆಯ ಹಾಗೆ. ಇದಕ್ಕೆ ಕ್ರಾಸ್‌ಹ್ಯಾಚ್ ಎನ್ನುತ್ತಾರೆ. ಗೆರೆ ಎಲ್ಲಿ ಬಗ್ಗಿದೆಯೋ ದೋಷ ಅಲ್ಲಿದೆ. ಸ್ಕೇಲ್ ಹಿಡಿದು ನೋಡಿದೆ. ಮೂಲೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ನಡುವೆ ಏನೂ ಇಲ್ಲ.

"ನೆಟ್ಟಗೆ ಉಂಟಲ್ಲ ಪೊರ್ಬುಗಳೇ."

"ನಿನ್ನ ಸ್ಕೇಲ್ ಎಲ್ಲಿಂದ ತಂದದ್ದು?"

ನನಗೆ ಕೆಲಸ ಕಲಿಸಿದ ರಾಘವ ಮೇಸ್ತ್ರಿ ಒಂದು ಮಾತು ಹೇಳುತ್ತಿದ್ದರು: "ರಿಪೇರಿ ನಿನ್ನದು, ನೋಡುವ ಕಣ್ಣು ಗಿರಾಕಿಯದು. ಅವನನ್ನು ಅವನ ಜಾಗದಲ್ಲಿ ಕೂರಿಸು, ಅವನು ಸಾಕು ಅನ್ನುವವರೆಗೆ ತಿರುಗಿಸು." ಬಣ್ಣ, ಬೆಳಕು, ಎತ್ತರ ಎಲ್ಲವನ್ನೂ ನಾವು ಹಾಗೆಯೇ ಹೊಂದಿಸುತ್ತಿದ್ದೆವು. ಮೂವತ್ತೊಂದು ವರ್ಷ ನನ್ನ ಅಂಗಡಿ ನಡೆದದ್ದೇ ಆ ಮಾತಿನ ಮೇಲೆ. ಅವತ್ತೂ ಹಾಗೇ ಮಾಡಿದೆ. ಟ್ಯೂಬಿನ ಕುತ್ತಿಗೆಗೆ ಯೋಕ್ ಎಂಬ ತಾಮ್ರದ ಸುರುಳಿ ಇರುತ್ತದೆ, ಅದರ ಅಂಚಿಗೆ ಪುಟ್ಟ ಅಯಸ್ಕಾಂತದ ಚೂರುಗಳನ್ನು ಅಂಟಿಸಿ ಗೆರೆಯನ್ನು ಎಳೆಯಬಹುದು. ಹಿಂದೆ ಮೊಣಕಾಲೂರಿ ನಾನು, ಮುಂದೆ ಸ್ಟೂಲಿನ ಮೇಲೆ ಅವರು. "ಇನ್ನು ಸ್ವಲ್ಪ... ಇಲ್ಲ, ಹಿಂದೆ... ಹಾಂ, ಇರಲಿ ಹಾಗೇ."

ಎದ್ದು ಮುಂದೆ ಬಂದು ನೋಡಿದೆ. ನನ್ನ ಕಣ್ಣಿಗೆ ಪರದೆ ಈಗ ನಿಜವಾಗಿ ಸೊಟ್ಟಗಿತ್ತು. ನೆಟ್ಟಗಿದ್ದ ಮಾನಿಟರನ್ನು ಕೈಯಾರೆ ಬಗ್ಗಿಸಿದ್ದೆ. ಏನೋ ಸರಿಯಿಲ್ಲ ಎಂದು ಒಳಗೆ ಕೊರೆಯಿತು. ಆದರೆ ಸೊಂಟ ಹಿಡಿದಿತ್ತು, ಬಸ್ಸಿಗೆ ಹೊತ್ತಾಗಿತ್ತು, ಗಿರಾಕಿ ಸಾಕು ಅಂದಿದ್ದರು. ಚೀಲ ಕಟ್ಟಿದೆ.

ಮತ್ತೆ ಹನ್ನೆರಡು ದಿನ. ಈ ಸಲ ಬಾಯಿಯವರ ಫೋನ್. "ಶೇಖರಣ್ಣ, ಮೊದಲಿಗಿಂತ ಹಾಳಾಗಿದೆ ಅಂತಾರೆ. ನನಗೂ ಈಗ ಸೊಟ್ಟ ಕಾಣ್ತದೆ. ಮೊದಲು ಕಾಣ್ತಿರಲಿಲ್ಲ."

ಬೇಸರದಲ್ಲೇ ಹೋದೆ. ಇದೇ ಕೊನೆ ಎಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ಅಂಟಿಸಿದ್ದ ಚೂರುಗಳನ್ನೆಲ್ಲ ಕಿತ್ತು, ಸ್ಕೇಲ್ ಹಿಡಿದು ಗೆರೆಗಳನ್ನು ನೇರ ಮಾಡಿ, ಪೊರ್ಬುಗಳನ್ನು ಕೂರಿಸಿದೆ. ಜಗಳವಾದರೂ ಆಗಲಿ ಎಂದುಕೊಂಡು ಕೇಳಿದೆ: "ಎಲ್ಲಿ ಬಗ್ಗಿದೆ, ಬೆರಳಿಟ್ಟು ತೋರಿಸಿ."

ಅವರು ಸರಿಯಾಗಿ ನಡುವೆ ಬೆರಳಿಟ್ಟರು. ನಾನು ಅಲ್ಲಿ ಗಾಜಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿದೆ. "ಈಗ ಮೇಲಿನ ಆ ಮೂಲೆ ನೋಡಿ. ಗುರುತಿನ ಹತ್ತಿರ ಈಗಲೂ ಬಗ್ಗಿದೆಯಾ?"

ಅವರು ಮೂಲೆಯತ್ತ ಕಣ್ಣು ಹೊರಳಿಸಿದರು. "ಇಲ್ಲ. ಈಗ ಮೂಲೆ ಬಗ್ಗಿದೆ."

"ಕೆಳಗಿನ ಮೂಲೆ?"

"ಅಲ್ಲಿಗೂ ಬಂತು. ಎಂತ ಮಾರಾಯ ಇದು, ನಾನು ನೋಡಿದಲ್ಲಿಗೆ ಬರ್ತದೆ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಮಾನಿಟರಿನ ದೋಷ ಇದ್ದಲ್ಲೇ ಇರುತ್ತದೆ. ನೋಡುವವನ ಹಿಂದೆ ತಿರುಗುವ ದೋಷ ಮಾನಿಟರಿನದಲ್ಲ. ಟೈಲ್ಸ್, ಮೇಸ್ತ್ರಿಯ ನೂಲು, ನನ್ನ ಸ್ಕೇಲ್, ಎಲ್ಲ ಒಟ್ಟಿಗೆ ನೆನಪಾದವು.

ನಮ್ಮ ಕೆಲಸದಲ್ಲಿ ಅನುಮಾನ ಬಂದ ಭಾಗವನ್ನು ಬಿಡಿಸಿ ನೋಡುವುದು ಪದ್ಧತಿ. ಅದನ್ನೇ ಮಾಡಿದೆ. "ಬಲಗಣ್ಣು ಮುಚ್ಚಿ."

ಮುಚ್ಚಿದರು. "ನೆಟ್ಟಗೆ ಉಂಟು."

"ಈಗ ಎಡಗಣ್ಣು."

ಅಂಗೈಯನ್ನು ಎಡಗಣ್ಣಿನ ಮೇಲಿಟ್ಟು ಪರದೆಯ ಕಡೆಗೆ ಬಾಗಿದರು. ಕೊನೆಗೆ ಮೆಲ್ಲಗೆ, "ನಡುವಿನ ಒಂದು ಚೌಕ ಇಲ್ಲ ಶೇಖರ. ಅದರ ಸುತ್ತ ಎಲ್ಲ ಒಳಗೆ ಎಳೆದ ಹಾಗೆ ಉಂಟು."

ಬಾಯಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಹೇಳಿದೆ: "ಬಾಯಿ, ಮಿಷನ್ ಸರಿ ಉಂಟು. ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ನಾಳೆ ಅಲ್ಲ, ಈಗ." ಅವರು ಗ್ಯಾಸ್ ಆರಿಸಿ ಬಂದರು. ಆಟೋದಲ್ಲಿ ನಾನೂ ಕುಳಿತೆ.

ಡಾಕ್ಟರು ಒಂದು ಕಾರ್ಡ್ ತೆಗೆದು ಪೊರ್ಬುಗಳ ಕೈಗೆ ಕೊಟ್ಟರು. ಅದರ ಮೇಲೆ ಚೌಕುಳಿ ಗೆರೆ, ನಡುವೆ ಒಂದು ಚುಕ್ಕೆ. "ಒಂದು ಕಣ್ಣು ಮುಚ್ಚಿ ನೋಡಿ" ಎಂದರು.

"ಇವನು ಇದನ್ನು ಟಿ.ವಿ.ಯಲ್ಲೇ ತೋರಿಸಿ ಆಯ್ತು ಡಾಕ್ಟ್ರೆ," ಎಂದರು ಪೊರ್ಬುಗಳು.

ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪದರಕ್ಕೆ ರೆಟಿನಾ ಎನ್ನುತ್ತಾರೆ. ಅದರ ನಟ್ಟ ನಡುವೆ, ವಯಸ್ಸಿನ ಕಾರಣದಿಂದ, ಬೇಡದ ರಕ್ತನಾಳ ಬೆಳೆದು ದ್ರವ ಸೋರುತ್ತಿತ್ತು. ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಶುರು ಮಾಡೋಣ ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದಾಗ ಬಾಯಿಯವರು ಟೈಲ್ಸ್ ವಿಷಯ ಹೇಳಿದರು. "ಒಂದು ತಿಂಗಳು," ಎಂದು ಡಾಕ್ಟರು ಬರೆದುಕೊಂಡರು. "ಇದರಲ್ಲಿ ಪ್ರತಿ ವಾರವೂ ಮುಖ್ಯ." ಅವರು ಯಾರನ್ನೂ ಬೈಯಲಿಲ್ಲ. ಆ ತಿಂಗಳಿನಲ್ಲಿ ಇಪ್ಪತ್ತೊಂದು ದಿನ ನನ್ನ ಕೈಯಲ್ಲಿ ಕಳೆದದ್ದು ಅವರಿಗೆ ಗೊತ್ತಿರಲಿಲ್ಲ.

ಇಂಜೆಕ್ಷನ್‌ಗಳಿಂದ ಸೋರಿಕೆ ನಿಂತಿತು. ಬಲಗಣ್ಣಿನ ಗೆರೆಗಳು ಬಹುಮಟ್ಟಿಗೆ ನೆಟ್ಟಗಾದವು. ನಡುವಿನ ಆ ಒಂದು ಚೌಕ ಮಾತ್ರ ಮರಳಿ ಬರಲಿಲ್ಲ. ನಾನು ಮೊದಲ ಗುರುವಾರವೇ ಕೇಳಿದ್ದರೆ ಬರುತ್ತಿತ್ತೋ ಏನೋ. ಡಾಕ್ಟರ ಹತ್ತಿರ ಕೇಳುವ ಧೈರ್ಯ ನನಗೆ ಇವತ್ತಿನವರೆಗೆ ಬಂದಿಲ್ಲ. ಪೊರ್ಬುಗಳಿಗೆ ಒಮ್ಮೆ ಹೇಳಿದೆ, ನನ್ನಿಂದ ತಡವಾಯಿತು ಎಂದು. "ನೀನು ಕೆಪಾಸಿಟರ್ ಡಾಕ್ಟರ್ ಮಾರಾಯ," ಎಂದು ಅವರು ಮಾತು ಮುಗಿಸಿದರು.

ಎಡಗಣ್ಣಿಗೂ ಹೀಗೆ ಆಗಬಹುದು, ದಿನವೂ ಒಂದೊಂದೇ ಕಣ್ಣು ಮುಚ್ಚಿ ಕಾರ್ಡ್ ನೋಡಿ ಎಂದು ಡಾಕ್ಟರು ಹೇಳಿದ್ದರು. ಕಾರ್ಡ್ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿದೆ. ಪೊರ್ಬುಗಳಿಗೆ ನಂಬಿಕೆ ಮಿಷನ್ನಿನ ಮೇಲೆ. ಬೆಳಿಗ್ಗೆ ಚಹಾ ಕುಡಿದು ಸರ್ವಿಸ್ ಸ್ವಿಚ್ ಒತ್ತಿ, ಸ್ಟೂಲಿನಲ್ಲಿ ಕುಳಿತು, ಒಂದು ಕಣ್ಣು, ಮತ್ತೊಂದು ಕಣ್ಣು. ಆಟ ಈಗ ಕಡಿಮೆ.

ಹೀಗಾಗಿ ನನ್ನ ಕೆಲಸ ಮುಗಿಯಲಿಲ್ಲ. ಆ ಗೆರೆ ಮಾನಿಟರಿನ ಕಡೆಯಿಂದ ಬಗ್ಗಬಾರದು. ತಿಂಗಳಿಗೊಮ್ಮೆ ಬಸ್ಸು ಹತ್ತಿ, ನೇತ್ರಾವತಿ ದಾಟಿ ಹೋಗಿ ಸಪ್ಲೈ ಅಳೆಯುತ್ತೇನೆ, ಸ್ಕೇಲ್ ಹಿಡಿಯುತ್ತೇನೆ. ಈಗ ಯಾರ ಕಣ್ಣನ್ನೂ ಕೇಳುವುದಿಲ್ಲ, ನನ್ನದನ್ನೂ. ಸೊಂಟದ ನೋವು ಹಾಗೇ ಇದೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಏಳೂಕಾಲಕ್ಕೆ ಫೋನ್ ಬಂತು.

"ಶೇಖರ, ಎಡಗಣ್ಣಿಗೆ ಒಂದು ಗೆರೆ ಬಗ್ಗಿದ ಹಾಗೆ ಉಂಟು. ನಿನ್ನೆ ಇರಲಿಲ್ಲ. ನನ್ನದಾ, ಮಿಷನ್ನಿನದಾ?"

ಹಿಂದಿನ ವಾರವಷ್ಟೇ ನಾನು ಸ್ಕೇಲ್ ಹಿಡಿದು ಬಂದಿದ್ದೆ. "ನಿಮ್ಮದು ಪೊರ್ಬುಗಳೇ. ಬಾಯಿಯನ್ನು ಕರ್ಕೊಂಡು ಹೊರಡಿ. ನಾನು ಆಸ್ಪತ್ರೆಯ ಗೇಟಿನ ಹತ್ತಿರ ಇರ್ತೇನೆ."

ಅವತ್ತೇ ಇಂಜೆಕ್ಷನ್ ಶುರುವಾಯಿತು. ಆ ಕಣ್ಣಿನಲ್ಲಿ ಎಲ್ಲ ಚೌಕಗಳೂ ಉಳಿದಿವೆ.

ರಾಘವ ಮೇಸ್ತ್ರಿಯ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ನೋಡುವ ಕಣ್ಣು ಗಿರಾಕಿಯದೇ. ಅವನು ಬಗ್ಗಿದೆ ಎಂದರೆ ಎಲ್ಲೋ ಏನೋ ಬಗ್ಗಿರುತ್ತದೆ. ಅದು ನನ್ನ ಪೆಟ್ಟಿಗೆಯೊಳಗೇ ಇರಬೇಕೆಂದು ನಾನು ಹಟ ಹಿಡಿಯಬಾರದಿತ್ತು. ಈಗ ಮಿಕ್ಸಿ ತಂದವರ ಹತ್ತಿರವೂ ಸ್ಕ್ರೂ ಬಿಚ್ಚುವ ಮೊದಲು ಕೇಳುತ್ತೇನೆ: "ಮನೆಯಲ್ಲಿ ಬೇರೆ ಎಂತ ಸರಿ ಇಲ್ಲ?" ಕೆಲವರು ನಗುತ್ತಾರೆ. ಕೆಲವರು ಕುರ್ಚಿ ಎಳೆದು ಕುಳಿತು ಹೇಳತೊಡಗುತ್ತಾರೆ. ಎಷ್ಟು ದಣಿದಿದ್ದರೂ, ಮುಗಿಯುವವರೆಗೆ ಕೇಳುತ್ತೇನೆ.