ತೊಗರಿ ಹೊಲದಲ್ಲಿ ದವಾಖಾನೆಯ ಆಯಾ

ಇಬ್ಬನಿ ಆರುವ ಮುನ್ನ ತೊಗರಿ ಕೊಯ್ಯಬೇಕು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಘಾಟಬೋರಾಳದ ಮಹಾರುದ್ರಪ್ಪನವರ ಹೊಲದಲ್ಲಿ ನಸುಕಿನಲ್ಲೇ ಒಂಬತ್ತು ಹೆಂಗಸರು ಕುಡುಗೋಲು ಹಿಡಿದಿದ್ದಾರೆ. ಎಂಟು ಜನ ಸರಸರನೆ ಮುಂದೆ ಹೋಗಿದ್ದಾರೆ. ಹಿಂದೆ ಬಿದ್ದವರು ಅಂಬುಬಾಯಿ, ಹುಮನಾಬಾದಿನ ಸರಕಾರಿ ದವಾಖಾನೆಯ ಆಯಾ. ಅಂಗೈಯಲ್ಲಿ ಆಗಲೇ ಗುಳ್ಳೆ ಎದ್ದಿದೆ. ರಜೆಯ ದಿನ ಮನೆಯಲ್ಲಿ ಕಾಲು ಚಾಚಿ ಕೂಡುವುದು ಬಿಟ್ಟು ಇವರಿಗೆ ಇದೇನು ಹುಚ್ಚು?

ಈ ಸಾಲಿನಲ್ಲಿ ಇರಬೇಕಾಗಿದ್ದವರು ಸರುಬಾಯಿ. ಅವರು ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗಿದ್ದಾರೆ. ತಿಂಗಳಿಗೊಂದು ಗುರುವಾರ ಗುಲ್ಬರ್ಗಾದಿಂದ ಲೇಡಿ ಡಾಕ್ಟರು ಬಂದು ಹೆಂಗಸರ ಗರ್ಭಕೋಶದ ಕ್ಯಾನ್ಸರ್ ತಪಾಸಣೆ ಮಾಡುತ್ತಾರೆ, ಅದೂ ಪುಕ್ಕಟೆ.

“ಪುಕ್ಕಟೆ ಖರೇ ಅದರಿ. ಆದ್ರ ಕೂಲಿ ಬಿಟ್ಟು ಬಂದಾಕಿಗಿ ಅವತ್ತಿನ ರೊಟ್ಟಿ ಯಾರು ಕೊಡ್ತಾರ್ರಿ?” ಎನ್ನುತ್ತಾರೆ ಅಂಬುಬಾಯಿ.

ಸುಗ್ಗಿಯಲ್ಲಿ ಒಂದು ದಿನ ತಪ್ಪಿದರೆ ಆ ಜಾಗಕ್ಕೆ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ. ಹಾಗಾಗಿ ಹೋದವಳ ಬದಲಿಗೆ ಅಂಬುಬಾಯಿಯೇ ಕೊಯ್ಯುತ್ತಾರೆ. ಕೂಲಿ ಹೋದವಳಿಗೇ ಸೇರುತ್ತದೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಿ ಈ ಕಡೆ ಹೊಸದಲ್ಲ. ಆದರೆ ಅಂಬುಬಾಯಿಗೆ ಹೊಲವೇ ಇಲ್ಲವಲ್ಲ? ಅವರು ಕೇಳುವ ಮುಯ್ಯಿ ಒಂದೇ: ತಪಾಸಣೆಗೆ ಹೋಗಿಬಂದವಳು ಮುಂದಿನ ತಿಂಗಳಿಗೆ ಮತ್ತೊಬ್ಬಳನ್ನು ಒಪ್ಪಿಸಬೇಕು.

ಎಪ್ಪತ್ತೆಂಟನೇ ಇಸವಿಯಲ್ಲಿ ಬೇಮಳಖೇಡದಲ್ಲಿದ್ದ ಅಂಬುಬಾಯಿಯ ಅಕ್ಕ ಶೇವಂತಾಬಾಯಿ, ಮುಟ್ಟು ನಿಂತು ಐದು ವರ್ಷವಾದ ಮೇಲೆ ಮತ್ತೆ ಹೊರಗೆ ಕೂತರು. ಹರೆಯ ಮರಳಿತೆಂದು ಓಣಿಯೆಲ್ಲ ನಕ್ಕಿತು. ಅಂಬುಬಾಯಿಯೂ ಅಕ್ಕನ ಕೈಗೆ ಹಸಿರು ಬಳೆ ತೊಡಿಸಿ ಚೇಷ್ಟೆ ಮಾಡಿದರು. ಎಂಟು ತಿಂಗಳಿಗೆ ಅಕ್ಕ ತೀರಿಕೊಂಡರು. ಅದೇ ಊರಿನ ಗೌಡರ ಮನೆಯ ಕಸ್ತೂರಿಬಾಯಿಯವರಿಗೂ ಅದೇ ವರ್ಷ ಹಾಗೇ ಆಗಿತ್ತು. ಅವರು ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡು ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ.

“ಬ್ಯಾನಿ ಒಂದೇ ಇತ್ರಿ. ಅವರಿಗಿ ಜೀಪ್ ಇತ್ತು. ನಮ್ಮಕ್ಕಗ ದವಾಖಾನ್ಯಾಗ ದುಡಿಯೋ ತಂಗಿ ಇದ್ದಳು. ಆಕಿನೂ ನಕ್ಕಳು.”

ಅಂದಿನಿಂದ ಅಂಬುಬಾಯಿ ಯಾವ ಊರಿಗೆ ಹೋದರೂ ಯಾರಿಗೆ ಕಾಯಿಲೆ ಎಂದು ಕೇಳುವುದಿಲ್ಲ. ಅತ್ತೆ ಹೊರಗೆ ಕೂತರೆ ಒಲೆ ಹಚ್ಚುವವಳು ಸೊಸೆ. ಆದ್ದರಿಂದ ಸೊಸೆಯಂದಿರನ್ನೇ ಹಿಡಿದು, ನಿಮ್ಮತ್ತೆ ಈಗಲೂ ಹೊರಗೆ ಕೂಡುತ್ತಾರೇನು ಎಂದು ವಿಚಾರಿಸುತ್ತಾರೆ. ಸರುಬಾಯಿಯ ಸುದ್ದಿ ಸಿಕ್ಕಿದ್ದೂ ಹೀಗೆಯೇ. ಮೂರು ವರ್ಷದಲ್ಲಿ ನಲವತ್ತೊಂದು ಹೆಂಗಸರು ಹೋಗಿಬಂದಿದ್ದಾರೆ. ನಾಲ್ವರಿಗೆ ರೋಗ ಸಿಕ್ಕಿತು, ಅವರಲ್ಲಿ ಮೂವರು ಉಳಿದಿದ್ದಾರೆ. ಅಂಬುಬಾಯಿಯ ತಪಾಸಣೆ ಮಾತ್ರ ಆಗಿಲ್ಲ. ಡಾಕ್ಟರು ಬರುವ ಗುರುವಾರ ಅವರು ಯಾರದೋ ಹೊಲದಲ್ಲಿರುತ್ತಾರೆ. ಕೇಳಿದರೆ ಪುರಸೊತ್ತೆಲ್ಲಿದೆ ಎಂದು ನಗುತ್ತಾರೆ.

ಮಧ್ಯಾಹ್ನ ಬಸ್ಸಿಳಿದ ಸರುಬಾಯಿ ನೇರ ಹೊಲಕ್ಕೇ ಬರುತ್ತಾರೆ. ಒಳಗೆ ಸಣ್ಣ ಹುಣ್ಣಿದೆಯಂತೆ. ಈಗಲೇ ಸೊಲ್ಲಾಪುರಕ್ಕೆ ಹೋದರೆ ವಾಸಿಯಾಗುತ್ತದೆಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಅಂಬುಬಾಯಿ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ಜೀವ ಬಂದಂತಾಗಿ ಬದುವಿನ ಮೇಲೆ ಕೂಡುತ್ತಾರೆ. ಆಮೇಲೆ ಮರೆಯದೆ, ಮುಯ್ಯಿಗೆ ಯಾರನ್ನು ಒಪ್ಪಿಸುತ್ತೀ ಎಂದು ಕೇಳುತ್ತಾರೆ.

“ನಿನ್ನನ್ನಽ. ಒಡಹುಟ್ಟಿದಾಕಿಗಿ ಬಂದದ್ದು ನಿನಗ ಇಲ್ಲಂತ ಯಾರು ನೋಡ್ಯಾರ? ಮುಂದಿನ ತಿಂಗಳ ನೀ ನಡಿ,” ಎನ್ನುತ್ತಾರೆ ಸರುಬಾಯಿ.

ಕೊಯ್ದ ತೊಗರಿಯ ಹೊರೆ ಕಟ್ಟುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಾರೆ. ಅಂಬುಬಾಯಿಗೆ ಎಂದಿನ ನಗು ಬರುವುದಿಲ್ಲ. ಚೀಟಿಯನ್ನು ಸರುಬಾಯಿಯ ಕೈಗೆ ಮರಳಿಸಿ, ಹೋಗುತ್ತೇನೆಂದು ಒಪ್ಪಿಕೊಳ್ಳುತ್ತಾರೆ.

“ಮೂರು ವರ್ಷ ಮಂದಿಗಿ ಅಂಜಬ್ಯಾಡ್ರಿ ಅಂತ ಹೇಳೀನ್ರಿ,” ಎನ್ನುತ್ತಾರೆ. “ನನಗ ಎಷ್ಟು ಅಂಜಿಕಿ ಅದ ಅಂತ ಇವತ್ತ ಗೊತ್ತಾತು.”